ಹೊಯ್ಸಳರ ಸೀಮೆಯ ಕಾನ್ವೆಂಟು

ಮಕ್ಕಳೇ, ಬೇಲೂರು ಹಳೇಬೀಡು ಎಂದ ಕೂಡಲೇ ನಿಮಗೆ ಶಿಲಾಬಾಲಿಕೆಯರು ನೆನಪಾಗುತ್ತಾರೆ. ರಾಜ್ಯೋತ್ಸವಕ್ಕೆ ನೀವು ರಟ್ಟು ಕತ್ತರಿಸಿ ನಕ್ಷತ್ರದಾಕಾರದ ಜಗತಿ ಮಾಡಿದ್ದನ್ನು ನಾವೆಲ್ಲ ನೋಡಿ ಚಪ್ಪಾಳೆ ತಟ್ಟಿದ್ದೇವೆ. 1117ರ ಚೆನ್ನಕೇಶವನ ಗುಡಿ, ವಿಷ್ಣುವರ್ಧನನ ಹೆಸರು, 2023ರಲ್ಲಿ ಯುನೆಸ್ಕೊ ಕೊಟ್ಟ ಮನ್ನಣೆ, ಎಲ್ಲ ನಿಮಗೆ ಬಾಯಿಪಾಠ. ನಾನು ಹುಟ್ಟಿ ಬೆಳೆದದ್ದು ಅದೇ ಸೀಮೆಯ ಅರಸೀಕೆರೆಯಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು, ನಾನು ಓದಿದ್ದು ಸಿಸ್ಟರುಗಳ ಕಾನ್ವೆಂಟಿನಲ್ಲಿ. ಆ ಶಾಲೆಯ ಬದುಕು, ಅಲ್ಲಿ ಮಾಡುತ್ತಿದ್ದ ಹಬ್ಬಗಳು, ಹೇಳುತ್ತಿದ್ದ ಜಪಗಳು ನಿಮಗೆ ಗೊತ್ತಾಗಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ಬರೆಯಲೇಬೇಕು ಅನ್ನಿಸಿದ್ದು ನಿಮ್ಮಲ್ಲೇ ಒಬ್ಬ ಕೇಳಿದ ಪ್ರಶ್ನೆಯಿಂದ. ಪರದೇಶದ ಈ ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಿದ್ದಾಗ ಅವನು, "ಆಂಟಿ, ನೀವು ಕ್ರಿಶ್ಚಿಯನ್ ಅಲ್ವಾ? ಮತ್ತೆ ಮನೇಲಿ ಯಾಕೆ ಕನ್ನಡ ಮಾತಾಡ್ತೀರಾ?" ಎಂದ. ಮಗುವಿನ ಮೇಲೆ ನನಗೆ ಕೋಪ ಬರಲಿಲ್ಲ, ಆದರೆ ಆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ನಮ್ಮ ಕೂಟದ ವೇದಿಕೆಯ ಮೇಲೆ ಯುಗಾದಿ, ದಸರಾ, ದೀಪಾವಳಿ ಎಲ್ಲ ಬರುತ್ತವೆ, ನಾವೆಲ್ಲ ಸಂತೋಷದಿಂದ ಸೇರುತ್ತೇವೆ. ಕನ್ನಡದಲ್ಲೇ ಚರ್ಚಿನ ಬಲಿಪೂಜೆ (ಮಾಸ್) ಕೇಳುವ, ಕನ್ನಡದಲ್ಲೇ ಜಪಸರ ಹೇಳುವ ಮನೆಗಳೂ ಕನ್ನಡನಾಡಿನಲ್ಲಿವೆ ಎಂಬುದನ್ನು ಮಾತ್ರ ಯಾರೂ ನಿಮಗೆ ಹೇಳಿದಂತಿಲ್ಲ.

ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. 1649ರ ಸುಮಾರಿಗೆ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ (ಜೆಸ್ಯೂಟ್) ಗುರುಗಳು, ಅಂದರೆ ಪಾದ್ರಿಗಳು, ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತರು, ಕನ್ನಡ ವ್ಯಾಕರಣ ಬರೆದರು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕವನ್ನೂ ಬರೆದರು. ನೂರೈವತ್ತು ವರ್ಷದ ಮೇಲೆ, ಟಿಪ್ಪು ಸುಲ್ತಾನರ ಕಾಲ ಮುಗಿದಾಗ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಅಬ್ಬೆ ದುಬುವಾ ಎಂಬ ಫ್ರೆಂಚ್ ಗುರುಗಳು ಮೈಸೂರು ಸೀಮೆಗೆ ಬಂದರು. ನಮ್ಮವರ ಹಾಗೆ ಉಡುಪು ಧರಿಸಿ, ನಮ್ಮವರ ಊಟ ಉಂಡು, ಊರೂರು ತಿರುಗಿದ ಇವರನ್ನು ಜನ ದೊಡ್ಡ ಸ್ವಾಮಿಯವರು ಎಂದು ಕರೆದರು. ಹಾಸನದ ಆಸುಪಾಸಿನಲ್ಲಿ ಬೇಸಾಯದ ಕುಟುಂಬಗಳನ್ನು ನೆಲೆಗೊಳಿಸಿದ್ದೂ, ಸಿಡುಬಿನ ಲಸಿಕೆ ಹೊಸದಾಗಿ ಬಂದಾಗ ಅದನ್ನು ಹಳ್ಳಿಯ ಜನಕ್ಕೆ ಒಪ್ಪಿಸಿ ಹಾಕಿಸಿದ್ದೂ ಇವರೇ. ಲಸಿಕೆಗೆ ಜನ ಎಷ್ಟು ಹೆದರುತ್ತಾರೆಂದು ಕೊರೊನಾ ಕಾಲದಲ್ಲಿ ನೀವೇ ನೋಡಿದ್ದೀರಿ. ಇನ್ನೂರು ವರ್ಷದ ಹಿಂದೆ ಕೇಳಬೇಕೆ? ದುಬುವಾ 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅವರು ನೆಲೆಗೊಳಿಸಿದಂಥ ಒಕ್ಕಲು ಮನೆಗಳ ಮಕ್ಕಳು ಮೊಮ್ಮಕ್ಕಳು ಇಂದಿಗೂ ಹಾಸನ ಜಿಲ್ಲೆಯಲ್ಲಿ ರಾಗಿ, ಜೋಳ ಬೆಳೆಯುತ್ತಿದ್ದಾರೆ. ನನ್ನ ಅಜ್ಜಿ ಅಂಥದೇ ಒಂದು ಹಳ್ಳಿಯವರು.

ಅದೇ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚಿನ ಚಿತ್ರವನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ, ಬೇಸಿಗೆಯಲ್ಲಿ ಬಯಲಾಗುವ ಎತ್ತರದ ಕಮಾನುಗಳ ಆ ಗೋಡೆಗಳು 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚಿನವು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಎದ್ದುಹೋಯಿತು, ಚರ್ಚು ಉಳಿಯಿತು. ಈಗ ಅಲ್ಲಿಗೆ ಹೋಗುವವರು ಫೋಟೋ ತೆಗೆದುಕೊಂಡು ಬರುತ್ತಾರೆ. ಅದರೊಳಗೆ ನಾಮಕರಣವಾದವರು, ಮದುವೆಯಾದವರು ಎದ್ದುಹೋಗಿ ಬೇರೆ ಕಡೆ ಮನೆ ಕಟ್ಟಿಕೊಂಡು ಬದುಕಿದ್ದಾರೆ, ಅವರ ಹಬ್ಬಗಳೂ ಅವರ ಜೊತೆಯಲ್ಲೇ ಹೋಗಿವೆ. ಪಾಳು ಗೋಡೆಯನ್ನಷ್ಟೇ ನೋಡಿ ಬರಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ಜನರ ಈಗಿನ ಚರ್ಚಿಗೂ ಒಂದು ಭಾನುವಾರ ಹೋಗಿ ಬನ್ನಿ.

1963ರಲ್ಲಿ ಚಿಕ್ಕಮಗಳೂರು ಹೊಸ ಧರ್ಮಕ್ಷೇತ್ರ (ಡಯೋಸಿಸ್) ಆಯಿತು, ಹಾಸನ ಜಿಲ್ಲೆ ಅದಕ್ಕೆ ಸೇರಿತು. ಮೊದಲ ಧರ್ಮಾಧ್ಯಕ್ಷರು (ಬಿಷಪ್) ಆಲ್ಫೋನ್ಸಸ್ ಮಥಾಯಸ್, ಮುಂದೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದವರು. ಅದೇ ಹೊತ್ತಿಗೆ ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆದು, ಲ್ಯಾಟಿನ್ ಬದಲು ಆಯಾ ಊರಿನ ಭಾಷೆಯಲ್ಲೇ ಪೂಜೆ ಮಾಡಬಹುದು ಎಂದಾಯಿತು. ಗುರುಗಳು ಬೆನ್ನು ತಿರುಗಿಸಿ ಲ್ಯಾಟಿನ್ನಿನಲ್ಲಿ ಹೇಳುತ್ತಿದ್ದುದನ್ನು ಕೇಳಿ ಬೆಳೆದವರು ನಮ್ಮಜ್ಜಿ. ಮೊದಲ ಸಲ ಗುರುಗಳು ಜನರ ಕಡೆ ಮುಖ ಮಾಡಿ ಕನ್ನಡದಲ್ಲಿ ಮಾತಾಡಿದಾಗ ಚರ್ಚಿನಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರಂತೆ. ಇದನ್ನು ಅಜ್ಜಿ ಹೇಳುವಾಗಲೂ ಅವರ ಕಣ್ಣು ತುಂಬುತ್ತಿತ್ತು.

ಇನ್ನು ನಮ್ಮ ಶಾಲೆ. ಅರಸೀಕೆರೆ ಎಂದರೆ ಎರಡೇ ಸದ್ದು, ಜಂಕ್ಷನ್ನಿನ ರೈಲಿನದು ಮತ್ತು ತೆಂಗಿನಕಾಯಿ ಸುಲಿಯುವುದರದು. ಅವುಗಳ ನಡುವೆ ನಮ್ಮ ಶಾಲೆಯ ಗಂಟೆ. ಬೆಳಿಗ್ಗೆ ಸಾಲಾಗಿ ನಿಂತು ಪ್ರಾರ್ಥನೆ, ನಾಡಗೀತೆ, ಪೇಪರಿನ ಸುದ್ದಿ, ಕೊನೆಗೆ ದೊಡ್ಡ ಸಿಸ್ಟರು ಎಲ್ಲರ ಉಗುರು ನೋಡುವುದು. ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಗಂಟೆಯಾದರೆ ಲೆಕ್ಕದ ಮೇಷ್ಟ್ರು ಕೂಡ ಸೀಮೆಸುಣ್ಣ ಕೆಳಗಿಡುತ್ತಿದ್ದರು, ಅದು ತ್ರಿಕಾಲ ಪ್ರಾರ್ಥನೆಯ ಹೊತ್ತು. ವಾರದಲ್ಲಿ ಕೆಲವು ಪೀರಿಯಡ್ಡುಗಳಲ್ಲಿ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ. ತರಗತಿಯಲ್ಲಿ ಉಳಿದವರೇ ಹೆಚ್ಚು: ಲಿಂಗಾಯತರು, ಒಕ್ಕಲಿಗರು, ಕುರುಬರು, ಮುಸಲ್ಮಾನರು, ಮಾರವಾಡಿಗಳ ಮಕ್ಕಳು. ಪರೀಕ್ಷೆ ಬಂತೆಂದರೆ ಲೂರ್ದು ಮಾತೆಯ ಗವಿಯ ಮುಂದೆ ಮೇಣದ ಬತ್ತಿ ಹಚ್ಚಲು ಎಲ್ಲರೂ ಬರುತ್ತಿದ್ದರು. ಹಣೆಗೆ ವಿಭೂತಿ ಇಟ್ಟುಕೊಂಡ ನನ್ನ ಗೆಳತಿ ಅಲ್ಲಿ ಕೈಮುಗಿದು ನಿಂತರೆ ಯಾವ ಸಿಸ್ಟರೂ ಏನೂ ಕೇಳಿದ್ದಿಲ್ಲ. ವಿಭೂತಿ ಬುಧವಾರ ಗುರುಗಳು ನಮ್ಮ ಹಣೆಗೆ ಬೂದಿಯಲ್ಲಿ ಶಿಲುಬೆ ಗುರುತು ಹಾಕಿದ ದಿನ ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂತಿದ್ದೆವು.

ಆ ಬುಧವಾರದಿಂದ ಪಾಸ್ಕ (ಈಸ್ಟರ್) ಹಬ್ಬದವರೆಗೆ ತಪಸ್ಸಿನ ಕಾಲ. ನಮಗೆ ಒಬ್ಬೊಬ್ಬರಿಗೆ ಒಂದೊಂದು ರಟ್ಟಿನ ಡಬ್ಬಿ ಕೊಡುತ್ತಿದ್ದರು. ಐಸ್‌ಕ್ಯಾಂಡಿಗೆ ಎಂದು ಮನೆಯಲ್ಲಿ ಕೊಟ್ಟ ನಾಣ್ಯವನ್ನು ಅದಕ್ಕೆ ಹಾಕಬೇಕು. ಹಬ್ಬದ ಹೊತ್ತಿಗೆ ಎಲ್ಲರ ಡಬ್ಬಿ ಒಡೆದು, ಆ ದುಡ್ಡಿನಲ್ಲಿ ಹಣ್ಣು, ಬ್ರೆಡ್ಡು ಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದೆವು. ಹಾಸಿಗೆ ಹಾಸಿಗೆಗೆ ಹೋಗಿ ಕೊಡುವಾಗ ಸಿಸ್ಟರು ಒಂದೇ ಮಾತು ಹೇಳಿಕೊಟ್ಟಿದ್ದರು: ಕೊಟ್ಟು ಓಡಿಬರಬೇಡಿ, ಅವರ ಹೆಸರು ಕೇಳಿ, ಊರು ಕೇಳಿ. ಜಾವಗಲ್, ಬಾಣಾವರ, ಹಾರನಹಳ್ಳಿ, ಹೀಗೆ ತಾಲ್ಲೂಕಿನ ಊರುಗಳ ಹೆಸರನ್ನು ನಾನು ಕಲಿತದ್ದು ಭೂಗೋಳದ ಪಾಠಕ್ಕಿಂತ ಹೆಚ್ಚಾಗಿ ಆ ಹಾಸಿಗೆಗಳ ಪಕ್ಕದಲ್ಲಿ.

ಅಕ್ಟೋಬರ್ ಪೂರ್ತಿ ಜಪಸರದ ತಿಂಗಳು. ಜಪಸರ ಎಂದರೆ ಮಣಿಗಳ ಸರ. ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯ, ಹೀಗೆ ಐದು ಸುತ್ತು. ಒಬ್ಬರು ಅರ್ಧ ಹೇಳಬೇಕು, ಉಳಿದ ಅರ್ಧವನ್ನು ಎಲ್ಲರೂ ಸೇರಿ ಹೇಳಬೇಕು. ಈ ಅರ್ಧರ್ಧ ಹೇಳುವುದಿದೆಯಲ್ಲ, ಅದರಲ್ಲೇ ಅದರ ಜೀವ. ಒಬ್ಬರೇ ಹೇಳಿಕೊಂಡರೂ ಸಲ್ಲುತ್ತದೆ, ಆದರೆ ಇನ್ನೊಬ್ಬರು ನಿಮ್ಮ ಮಾತನ್ನು ಎತ್ತಿಕೊಂಡು ಮುಗಿಸುವಾಗ ಸಿಗುವ ನೆಮ್ಮದಿಯೇ ಬೇರೆ. ಸಂಜೆ ಒಂದೊಂದು ಮನೆಗೆ ಮರಿಯಮ್ಮನವರ ಸ್ವರೂಪ ಹೊತ್ತುಕೊಂಡು ಹೋಗುವುದು, ಆ ಮನೆಯವರು ಅಂಗಳ ಸಾರಿಸಿ ರಂಗೋಲಿ ಹಾಕುವುದು, ಜಪ ಮುಗಿದ ಮೇಲೆ ಕಡಲೆಪುರಿ, ಕೊಬ್ಬರಿ, ಬೆಲ್ಲ ಹಂಚುವುದು. ನಮ್ಮ ಮನೆಯ ಸರದಿ ಬಂದ ದಿನ ಅಮ್ಮ ಬೆಳಿಗ್ಗೆಯಿಂದ ಕೂತವರಲ್ಲ.

ಡಿಸೆಂಬರಿನ ಗೋದಲಿಯ ಬಗ್ಗೆ ಹೇಳದೆ ಹೇಗೆ ಬಿಡಲಿ? ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿಯೇ ಗೋದಲಿ. ಇಲ್ಲಿ ನೀವು ಅಂಗಡಿಯಿಂದ ಪೆಟ್ಟಿಗೆಯಲ್ಲಿ ತಂದು, ಬಿಚ್ಚಿ, ಮೇಜಿನ ಮೇಲೆ ಇಡುತ್ತೀರಿ. ನಮ್ಮ ಶಾಲೆಯಲ್ಲಿ ಅದು ಹದಿನೈದು ದಿನದ ಕೆಲಸ. ಮೊದಲು ರಾಗಿ ಬಿತ್ತಬೇಕು. ಒಡೆದ ತೆಂಗಿನ ಚಿಪ್ಪುಗಳಿಗೆ ನಮ್ಮೂರಲ್ಲಿ ಬರವೇ? ಚಿಪ್ಪಿಗೆ ಕೆಮ್ಮಣ್ಣು, ಒಣಗಿದ ಸಗಣಿ ಪುಡಿ ತುಂಬಿ, ರಾತ್ರಿಯೆಲ್ಲ ನೆನೆಸಿದ ರಾಗಿಯನ್ನು ಒತ್ತೊತ್ತಾಗಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ, ಕೈಯಿಂದ ನೀರು ಚಿಮುಕಿಸಬೇಕು. ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಹೋಗಿ ಕೂರುತ್ತದೆ. ಮೂರು ನಾಲ್ಕು ದಿನಕ್ಕೆ ಮೊಳಕೆ, ಹತ್ತು ದಿನಕ್ಕೆ ಬೆರಳುದ್ದ ಹಸಿರು. ಗೋದಲಿಯ ಸುತ್ತ ಜೋಡಿಸಿದರೆ ಅದೇ ಬೆತ್ಲೆಹೇಮಿನ ಗದ್ದೆ. ಗೋಣಿಚೀಲವನ್ನು ಮಣ್ಣಿನ ರಾಡಿಯಲ್ಲಿ ಅದ್ದಿ ಕಲ್ಲುಗಳ ಮೇಲೆ ಹೊದಿಸಿದರೆ ಗುಡ್ಡ. ಗುಡ್ಡ ಮಾಡುವಾಗ ನಮಗೆ ಗೊತ್ತಿದ್ದದ್ದು ಜೇನುಕಲ್ಲು ಸಿದ್ಧೇಶ್ವರನ ಬೆಟ್ಟ ಒಂದೇ, ಹಾಗಾಗಿ ಪ್ರತಿವರ್ಷ ಬೆತ್ಲೆಹೇಮಿನ ಹಿಂದೆ ಅದೇ ಬೆಟ್ಟ ಏಳುತ್ತಿತ್ತು, ಮೆಟ್ಟಿಲುಗಳ ಸಮೇತ. ಕುರಿಗಳನ್ನು ಮಾಡಿಕೊಡುತ್ತಿದ್ದವನು ನಮ್ಮ ತರಗತಿಯ ಕುರುಬರ ಹುಡುಗ. ಕುರಿಯ ಕಿವಿ ಹೇಗೆ ಜೋಲುತ್ತದೆ, ಮಂದೆ ಹೇಗೆ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತದೆ ಎಂದು ಅವನಿಗಲ್ಲದೆ ಬೇರೆ ಯಾರಿಗೆ ಗೊತ್ತು? ಬಿದಿರು ಸೀಳಿ ನಕ್ಷತ್ರ ಕಟ್ಟಿಕೊಡುತ್ತಿದ್ದವರು ಶಾಲೆಯ ಜವಾನರು, ಅದಕ್ಕೆ ಬಣ್ಣದ ಕಾಗದ ಅಂಟಿಸುವುದು ಹುಡುಗಿಯರ ಪಾಲು, ಅಂಟು ಮೈದಾ ಗಂಜಿಯದು. ಬಾಲಯೇಸುವಿನ ಸ್ವರೂಪವನ್ನು ಮಾತ್ರ ಇಪ್ಪತ್ತನಾಲ್ಕರ ರಾತ್ರಿ ಪೂಜೆಯವರೆಗೆ ಇಡುವ ಹಾಗಿಲ್ಲ. ಅಲ್ಲಿಯವರೆಗೆ ಹುಲ್ಲು ಹಾಸಿದ ಗೋದಲಿ ಖಾಲಿ.

ಕ್ರಿಸ್‌ಮಸ್ಸಿಗೆ ಕೇಕು ನಮ್ಮ ಮನೆಗೆ ಬಂದದ್ದು ಬಹಳ ತಡವಾಗಿ. ನಮ್ಮದು ಕಜ್ಜಾಯ, ಚಕ್ಕುಲಿ, ಕೊಬ್ಬರಿ ತುಂಬಿದ ಕರ್ಜಿಕಾಯಿ. ತಟ್ಟೆಗೆ ಕ್ರೋಶಾ ಬಟ್ಟೆ ಮುಚ್ಚಿ ಬೀದಿಯ ಎಲ್ಲ ಮನೆಗೂ ಕೊಟ್ಟುಬರುವುದು ನನ್ನ ಕೆಲಸ. ಖಾಲಿ ತಟ್ಟೆ ಯಾರೂ ವಾಪಸು ಕೊಡುತ್ತಿರಲಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತಿದ್ದರು. ಯುಗಾದಿಗೆ ಒಬ್ಬಟ್ಟು, ರಂಜಾನಿಗೆ ಶಾವಿಗೆ ಪಾಯಸ ಅದೇ ದಾರಿಯಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಬೇಲೂರಿನ ಚೆನ್ನಕೇಶವನ ತೇರಿನಲ್ಲಿ ಖಾಜಿ ಸಾಹೇಬರು ಕುರಾನಿನ ಸಾಲು ಓದುವ ಪದ್ಧತಿ ಬಹಳ ಹಿಂದಿನಿಂದ ಬಂದದ್ದು. ನಮ್ಮ ಚರ್ಚಿನ ಹಬ್ಬದಲ್ಲೂ ತೇರಿದೆ, ಹೂವಿನ ಅಲಂಕಾರದ, ದೀಪ ಹಚ್ಚಿದ ತೇರು. ಅದು ಬೀದಿಗೆ ಬಂದಾಗ ಅಕ್ಕಪಕ್ಕದವರು ಉಪ್ಪು, ಮೆಣಸು, ಹೂವು ಹಿಡಿದು ಬಾಗಿಲಿಗೆ ಬರುತ್ತಿದ್ದರು. ಇಂಥ ಸೀಮೆ ಅದು. ಈಗ ಕೆಲವರು ಬೇರೆ ಮಾತಾಡುತ್ತಾರೆ, ಅದು ನಿಮ್ಮ ಕಿವಿಗೂ ಬೀಳುತ್ತದೆ. ನಾನು ಬೆಳೆದದ್ದು ಹೀಗೆ ಎಂದು ಹೇಳುವುದು ನನ್ನ ಕರ್ತವ್ಯ.

ಹಳೇಬೀಡಿಗೆ ನಮ್ಮನ್ನು ಪ್ರವಾಸ ಕರೆದುಕೊಂಡು ಹೋದವರೂ ಸಿಸ್ಟರುಗಳೇ. ಹೊಯ್ಸಳೇಶ್ವರನ ಗೋಡೆಯ ಬುಡದಲ್ಲಿ ಕೂರಿಸಿ, ಕೆಳಗಿನ ಪಟ್ಟಿಯಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ ಎಂದು ಒಂದೊಂದನ್ನೂ ಪುಸ್ತಕದಲ್ಲಿ ಬರೆಸಿದರು. ಬೇಲೂರಿನಲ್ಲಿ ದಾಸೋಜ, ಚಾವಣ ಎಂಬ ತಂದೆ ಮಗ ತಮ್ಮ ಕೆತ್ತನೆಯ ಕೆಳಗೆ ಹೆಸರು ಬರೆದಿರುವುದನ್ನು ತೋರಿಸಿದಾಗ, ಕೈಕೆಲಸ ಮಾಡಿದವರ ಹೆಸರು ಮರೆಯಬಾರದು ಎಂದು ಸಿಸ್ಟರು ಅಲ್ಲೇ ನಮ್ಮಿಂದ ಅವರಿಗಾಗಿ ಒಂದು ಪ್ರಾರ್ಥನೆ ಹೇಳಿಸಿದರು. ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದಿದ್ದ, ಮನೆಯಲ್ಲಿ ಕೊಂಕಣಿ ಆಡುತ್ತಿದ್ದ ಹೆಣ್ಣುಮಗಳು ಆ ಸಿಸ್ಟರು. ಹಳಗನ್ನಡದ ಶಾಸನಾಕ್ಷರವನ್ನು ಬೆರಳಿಟ್ಟು ಓದಲು ನನಗೆ ಕಲಿಸಿದ್ದು ಅವರೇ.

ಇಷ್ಟೆಲ್ಲ ಇದ್ದೂ ನಮ್ಮ ಮನೆಗಳಲ್ಲಿ ಏನಾಗಿದೆ ನೋಡಿ. ಭಾನುವಾರ ಇಲ್ಲಿನ ಚರ್ಚಿಗೆ ಹೋಗುತ್ತೇವೆ, ಪೂಜೆ ಇಂಗ್ಲಿಷಿನಲ್ಲಿ. ಮಕ್ಕಳ ಮೊದಲ ಪರಮಪ್ರಸಾದದ (ಕಮ್ಯೂನಿಯನ್) ತರಬೇತಿ ಇಂಗ್ಲಿಷಿನಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ರಾತ್ರಿ ವೀಡಿಯೊ ಕರೆಯಲ್ಲಿ ಮಕ್ಕಳ ಅಜ್ಜಿ ನಮೋ ಮರಿಯದ ಮೊದಲ ಅರ್ಧ ಹೇಳಿ ನಿಲ್ಲಿಸಿದರೆ, ಉಳಿದ ಅರ್ಧ ಹೇಳಲು ಈ ಕಡೆ ಯಾರಿಗೂ ಬಾಯಿ ಬರುವುದಿಲ್ಲ. ಅಜ್ಜಿಯೇ ಎರಡೂ ಅರ್ಧ ಹೇಳಿಕೊಳ್ಳುತ್ತಾರೆ. ನನ್ನ ಮಕ್ಕಳ ವಿಷಯದಲ್ಲೇ ಇದನ್ನು ನೋಡಿ ನನಗೆ ನಿದ್ದೆ ಹತ್ತಿಲ್ಲ. ಬೇರೆ ಮನೆಗಳಲ್ಲಿ ಶ್ಲೋಕದ ಕಥೆಯೂ, ವಚನದ ಕಥೆಯೂ ಇದೇ ಎಂದು ಗೆಳತಿಯರು ಹೇಳುತ್ತಾರೆ. ಶಾಲೆ, ಈಜು, ಪಿಯಾನೊ ಎಲ್ಲದಕ್ಕೂ ಹೊತ್ತು ಹೊಂದಿಸುವ ನಾವು ಹತ್ತು ನಿಮಿಷದ ಈ ಜಪಕ್ಕೆ ಹೊಂದಿಸಬಹುದು. ಅಜ್ಜಿಯರು ಇರುವಾಗಲೇ ಹೊಂದಿಸಬೇಕು.

ಹಾಗಾಗಿ ಈ ಡಿಸೆಂಬರಿನಲ್ಲಿ ಕೂಟದ ಮಕ್ಕಳೆಲ್ಲ ಸೇರಿ ಒಂದು ಗೋದಲಿ ಕಟ್ಟೋಣ ಎಂದು ಸಮಿತಿಯವರನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ. ಯಾವ ಮನೆಯ ಮಕ್ಕಳೂ ಬರಬಹುದು. ಇಲ್ಲಿನ ಚಳಿಗೆ ರಾಗಿ ನಿಧಾನವಾಗಿ ಮೊಳೆಯುತ್ತದೆ, ಆದ್ದರಿಂದ ಡಿಸೆಂಬರ್ ಮೊದಲ ವಾರವೇ ನೆನೆಸಿ ಬಿತ್ತಿ, ಚಿಪ್ಪನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಿ. ಭಾರತೀಯ ಅಂಗಡಿಯಲ್ಲಿ ಇಡಿ ರಾಗಿ ಸಿಗುತ್ತದೆ, ಹಿಟ್ಟು ತರಬೇಡಿ. ಕುರಿ ಮಾಡಲು ಜೇಡಿಮಣ್ಣು ನಾನು ತರುತ್ತೇನೆ. ದೊಡ್ಡವರು ಊರಿಗೆ ಫೋನು ಮಾಡಿದಾಗ ಅಜ್ಜಿ ತಾತಂದಿರು ಹೇಳುವ ಜಪವನ್ನೋ ಹಾಡನ್ನೋ ಧ್ವನಿಮುದ್ರಿಸಿಕೊಂಡು ಬನ್ನಿ. ಗೋದಲಿಯ ಕೆಲಸ ನಡೆಯುವಾಗ ಅವನ್ನು ಹಾಕೋಣ, ಉಳಿದ ಅರ್ಧವನ್ನು ಮಕ್ಕಳಿಂದ ಹೇಳಿಸೋಣ.