ಬರಿಹಾಳೆಯ ಮೇಲಿನ ಮುದ್ರೆ

ನಿಡೋಣಿ, ಬಬಲೇಶ್ವರಗಳ ಕಡೆಯಿಂದ ವಿಜಯಪುರದ ಸಂತೆಗೆ ಹೊರಟವರಿಗೆ ಎರೆಭೂಮಿಯ ಬಯಲಿನ ಅಂಚಿನಲ್ಲಿ ಗೋಳಗುಮ್ಮಟವು ದೂರದಿಂದಲೇ ಕಾಣಿಸಿಕೊಳ್ಳುತ್ತದೆ. ಬಾಲ್ಯದಲ್ಲಿ ಬಂಡಿಯ ಮೇಲೆ ಕುಳಿತು ಅದನ್ನು ನೋಡುತ್ತ ಹೋಗುವಾಗ, ಇಷ್ಟು ದೊಡ್ಡದನ್ನು ಕಟ್ಟಿಸಿದವರಾರೆಂದು ನಾನು ಹಿರಿಯರನ್ನು ಕೇಳುತ್ತಿದ್ದೆ. ಆದಿಲಶಾಹಿ ಅರಸರೆಂದು ಉತ್ತರ ಬರುತ್ತಿತ್ತು. ಆ ಆದಿಲಶಾಹಿಗಳು ಇಲ್ಲಿಗೆ ಅರಸರಾದದ್ದು ಹೇಗೆಂಬ ಮರುಪ್ರಶ್ನೆಗೆ ಉತ್ತರ ದೊರೆತದ್ದು ನಾನು ಶಿಕ್ಷಕನಾದ ಮೇಲೆ. ಅದು ಮಹಾಯುದ್ಧದ ಕಥೆಯಲ್ಲ. ಇಲ್ಲಿಂದ ಬಹುದೂರ, ಆಂಧ್ರದ ಕೊಂಡಪಲ್ಲಿಯಲ್ಲಿ, 1481ರಲ್ಲಿ ಒಬ್ಬ ಅರಸನ ಕೈಗೆ ಒಂದು ಕಾಗದ ಬಂದಿತು. ಅದು ನಿಜವೋ ಸುಳ್ಳೋ ಎಂದು ಅವನು ವಿಚಾರಿಸಲಿಲ್ಲ. ಅದಕ್ಕಾಗಿ ಮೊದಲು ಒಬ್ಬ ಮಂತ್ರಿಯ ತಲೆ ಹೋಯಿತು. ಅನಂತರ ಒಂದು ರಾಜ್ಯವೇ ಹೋಯಿತು. ಆ ಮಂತ್ರಿಯ ಹೆಸರು ಖ್ವಾಜಾ ಮಹಮೂದ್ ಗವಾನ್.

ಗವಾನನು ಹುಟ್ಟಿದ್ದು ಪರ್ಷಿಯಾ ದೇಶದ ಗಿಲಾನ್ ಪ್ರಾಂತದಲ್ಲಿ. ವ್ಯಾಪಾರವೇ ಅವನ ವೃತ್ತಿ, ವಿದ್ಯೆಯೇ ಅವನ ವ್ಯಸನ. 1453ರ ಸುಮಾರಿಗೆ ಕೊಂಕಣದ ದಾಭೋಳ ಬಂದರದಲ್ಲಿ ಇಳಿದು, ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿಗೆ ಬಂದನು. ಆಗ ಅವನಿಗೆ ನಾಲ್ವತ್ತು ದಾಟಿತ್ತು. ಆ ವಯಸ್ಸಿನಲ್ಲಿ, ಅನ್ಯದೇಶದಲ್ಲಿ, ಬಂಧುಬಳಗವಿಲ್ಲದೆ ಹೊಸ ಬಾಳು ಆರಂಭಿಸುವುದು ಸುಲಭವಲ್ಲ. ಆದರೆ ಅವನ ತಿಳಿವಳಿಕೆ, ನಡತೆಗಳನ್ನು ಮೆಚ್ಚಿಕೊಂಡ ಸುಲ್ತಾನ ಎರಡನೆಯ ಅಲಾಉದ್ದೀನ್ ಅಹಮದನು ಅವನನ್ನು ಸೇವೆಗೆ ತೆಗೆದುಕೊಂಡನು. ಮುಂದೆ ಬಂದ ಹುಮಾಯೂನ್ ಶಹನು ಅವನಿಗೆ ವರ್ತಕರ ಅಧಿಪತಿ ಎಂಬ ಅರ್ಥದ ಮಲಿಕ್-ಉತ್-ತುಜ್ಜಾರ್ ಬಿರುದನ್ನಿತ್ತು, ವಿಜಯಪುರದ ಸೀಮೆಯನ್ನು ಅವನ ಆಡಳಿತಕ್ಕೆ ಒಪ್ಪಿಸಿದನು. ಹುಮಾಯೂನನು ಕ್ರೂರಿಯೆಂದು ಹೆಸರಾದವನು. ಅಂಥವನ ಕೈಕೆಳಗೆ ಗವಾನನು ಹೇಗೆ ಬಾಳಿದನೆಂದು ಓದುಗರಿಗೆ ಸೋಜಿಗವಾಗಬಹುದು, ನನಗೂ ಆಗಿದೆ.

1461ರಲ್ಲಿ ಹುಮಾಯೂನನು ತೀರಿಕೊಂಡಾಗ ಪಟ್ಟವೇರಿದವನು ಎಂಟು ವರ್ಷದ ಹುಡುಗ. ಎರಡೇ ವರ್ಷಗಳಲ್ಲಿ ಅವನೂ ಮಡಿಯಲು, ಅವನ ತಮ್ಮನಾದ ಮೂರನೆಯ ಮಹಮ್ಮದ್ ಶಹನು ಬಾಲ್ಯದಲ್ಲಿಯೇ ಸಿಂಹಾಸನವನ್ನೇರಿದನು. ರಾಜಮಾತೆಯು ರಾಜ್ಯಭಾರದ ಸೂತ್ರವನ್ನು ಹಿಡಿದಿದ್ದಳು. ಅವಳಿಗೆ ನೆರವಾದವರಲ್ಲಿ ಗವಾನನು ಒಬ್ಬ. ಕೆಲವು ವರ್ಷಗಳಲ್ಲಿ ಅವನೇ ಪ್ರಧಾನಮಂತ್ರಿಯಾದನು. ಅವನ ಕಾಲದಲ್ಲಿ ಗೋವೆಯೂ ಬೆಳಗಾವಿಯೂ ಬಹಮನಿಗಳ ವಶವಾದವು. ರಾಜ್ಯವು ಪಶ್ಚಿಮ ಸಮುದ್ರದಿಂದ ಪೂರ್ವ ಸಮುದ್ರದವರೆಗೆ ಹಬ್ಬಿತು. ಆ ದಂಡಯಾತ್ರೆಗಳಲ್ಲಿ ಊರುಗಳು ಸುಲಿಗೆಗೊಳಗಾದುದೂ ಉಂಟು. ಗವಾನನು ತನ್ನ ಕಾಲದ ಸೇನಾನಿ. ಆ ಪಾಪದ ಪಾಲು ಅವನಿಗೂ ಸಲ್ಲಬೇಕಾದದ್ದೇ. ಆದರೆ ಅವನನ್ನು ನಾವು ನೆನೆಯಬೇಕಾದ ಕಾರಣ ಯುದ್ಧವಲ್ಲ, ಲೆಕ್ಕ.

ರಾಜ್ಯವು ಆಗ ನಾಲ್ಕು ತರಫುಗಳಾಗಿ, ಎಂದರೆ ನಾಲ್ಕು ದೊಡ್ಡ ಪ್ರಾಂತಗಳಾಗಿ, ಹಂಚಿಹೋಗಿತ್ತು. ಒಂದೊಂದರ ತರಫ್ದಾರನೂ ತನ್ನ ಪ್ರಾಂತದ ಕೋಟೆಗಳನ್ನೆಲ್ಲ ಕೈಯಲ್ಲಿಟ್ಟುಕೊಂಡು ಕಿರಿಯ ಅರಸನಂತೆ ಮೆರೆಯುತ್ತಿದ್ದನು. ಗವಾನನು ನಾಲ್ಕನ್ನು ಎಂಟಾಗಿ ಒಡೆದನು. ಕಲಬುರ್ಗಿಯ ತರಫಿನಿಂದ ವಿಜಯಪುರವು ಪ್ರತ್ಯೇಕವಾದದ್ದು ಆಗಲೇ. ತರಫ್ದಾರನ ವಶದಲ್ಲಿ ಒಂದೇ ಕೋಟೆ ಉಳಿದು, ಮಿಕ್ಕ ಕೋಟೆಗಳಿಗೆ ಸುಲ್ತಾನನೇ ಅಧಿಕಾರಿಗಳನ್ನು ನೇಮಿಸುವಂತಾಯಿತು. ಹೊಲಗಳನ್ನು ಅಳತೆ ಮಾಡಿಸಿ, ಗಡಿಗಳನ್ನು ಗೊತ್ತುಪಡಿಸಿ, ಅದರ ಮೇಲೆ ಕಂದಾಯ ಕಟ್ಟುವ ವ್ಯವಸ್ಥೆಯನ್ನು ಅವನು ತಂದನು. ಎಷ್ಟು ಭೂಮಿಗೆ ಎಷ್ಟು ಕೊಡಬೇಕೆಂಬುದು ಗೊತ್ತಿಲ್ಲದ ರೈತನು ವಸೂಲಿಗೆ ಬಂದವನು ಹೇಳಿದ್ದನ್ನೇ ನಂಬಬೇಕಾಗುತ್ತದೆ. ಅಳತೆಯ ಬೆಲೆಯನ್ನು ನಮ್ಮ ಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸರದಾರರನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿದ್ದು ಸೈನ್ಯದ ಹಾಜರಿ. ಐನೂರು ಸವಾರರನ್ನು ಸಾಕುವುದಾಗಿ ಹೇಳಿ ಜಹಗೀರು ಪಡೆದ ಸರದಾರನು ಅಷ್ಟು ಜನರನ್ನು ಇಟ್ಟುಕೊಳ್ಳದೆ, ಕಾಗದದ ಮೇಲೆ ಮಾತ್ರ ಸಂಖ್ಯೆಯನ್ನು ತುಂಬಿ ಉಳಿದ ಹಣವನ್ನು ನುಂಗಿಹಾಕುವುದು ವಾಡಿಕೆಯಾಗಿತ್ತು. ಗವಾನನು ಮೊದಲು ವೇತನವನ್ನು ಏರಿಸಿದನು. ಐನೂರು ಜನರಿಗೆ 1,00,000 ಹೊನ್ನು ಇದ್ದದ್ದು 1,25,000 ಹೊನ್ನಾಯಿತು. ಆಮೇಲೆ, ಕಡಿಮೆಯಿರುವ ತಲೆಯೊಂದಕ್ಕೆ ಇಷ್ಟೆಂದು ಹಣವನ್ನು ಮುರಿದುಕೊಳ್ಳುವ ಕಟ್ಟಳೆಯನ್ನು ಮಾಡಿದನು. ಇದು ಎಷ್ಟು ನ್ಯಾಯವಾಗಿತ್ತೋ ಅಷ್ಟೇ ಅಪ್ರಿಯವೂ ಆಗಿತ್ತು. ಸುಳ್ಳು ಲೆಕ್ಕದಿಂದ ಬದುಕುವವನಿಗೆ ಲೆಕ್ಕ ಕೇಳುವವನೇ ಶತ್ರು.

ಗವಾನನು ಸ್ವಂತಕ್ಕೆ ಇಟ್ಟುಕೊಂಡಿದ್ದ ನಿಯಮ ಇನ್ನೂ ಕಠಿಣವಾದುದು. ಪರ್ಷಿಯಾದಿಂದ ಬರುವಾಗ ಅವನು ತಂದಿದ್ದುದು 40,000 ಲಾರಿನ್‌ಗಳು. ಲಾರಿನ್ ಎಂಬುದು ಆ ಕಾಲದ ಬೆಳ್ಳಿಯ ನಾಣ್ಯ. ಆ ಮೂಲಧನದಿಂದ ನಡೆಯುತ್ತಿದ್ದ ವ್ಯಾಪಾರದ ಲಾಭದಲ್ಲಿ ಮಾತ್ರ ತನ್ನ ಊಟ ಬಟ್ಟೆಗಳ ಖರ್ಚನ್ನು ಸಾಗಿಸುತ್ತಿದ್ದನು. ಜಹಗೀರಿನಿಂದ ಬಂದುದು ಸೈನ್ಯಕ್ಕೂ ಆನೆಕುದುರೆಗಳಿಗೂ ಹೋಗಿ, ಮಿಕ್ಕದ್ದು ಅರಸನ ಹೆಸರಿನಲ್ಲಿ ಬಡವರಿಗೆ ಸಲ್ಲುತ್ತಿತ್ತು. ರಾಜ್ಯದಲ್ಲಿ ಅರಸನನ್ನು ಬಿಟ್ಟರೆ ತಾನೇ ಎನ್ನುವಂತಿದ್ದವನು ಚಾಪೆಯ ಮೇಲೆ ಮಲಗುತ್ತಿದ್ದನು, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದನು. ಅವನಿಗೆ ಐಶ್ವರ್ಯವೆಂದರೆ ಪುಸ್ತಕ. ಬೀದರಿನಲ್ಲಿ 1472ರ ಸುಮಾರಿಗೆ ಅವನು ಕಟ್ಟಿಸಿದ ಮದರಸಾ ಮೂರು ಅಂತಸ್ತಿನ ವಿದ್ಯಾಲಯ. ಅಲ್ಲಿಯ ಗ್ರಂಥಭಂಡಾರದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವು. ಬಿಡುವು ದೊರೆತ ಸಂಜೆಗಳನ್ನು ಅವನು ಅಲ್ಲಿಯ ಪಂಡಿತರೊಡನೆ ಕಳೆಯುತ್ತಿದ್ದನು. ತಾನೇ ಪತ್ರಲೇಖನದ ಕಲೆಯನ್ನು ಕುರಿತು ಗ್ರಂಥ ಬರೆದವನು. ಅವನ ಪತ್ರಗಳು ತುರ್ಕಿಯ ಸುಲ್ತಾನನ ಆಸ್ಥಾನದವರೆಗೂ ಹೋಗುತ್ತಿದ್ದವು. ಪತ್ರದ ಮರ್ಮವನ್ನು ಅಷ್ಟು ಬಲ್ಲವನು ತಾನು ಬರೆಯದ ಒಂದು ಪತ್ರದಿಂದ ಅಳಿದುದು ವಿಧಿಯ ವಿಪರ್ಯಾಸವೇ ಸರಿ.

ಆಸ್ಥಾನದಲ್ಲಿ ಎರಡು ಪಕ್ಷಗಳಿದ್ದವು. ಹೊರದೇಶಗಳಿಂದ ಬಂದವರದೊಂದು, ಇಲ್ಲಿಯೇ ನೆಲೆನಿಂತ ದಖನಿಗಳದೊಂದು. ಗವಾನನು ಅಧಿಕಾರದ ಸ್ಥಾನಗಳನ್ನು ಎರಡೂ ಪಕ್ಷಗಳಿಗೆ ಹಂಚಿ ತಕ್ಕಡಿಯನ್ನು ಸಮವಾಗಿ ಹಿಡಿಯಲು ಯತ್ನಿಸಿದನು. ದಖನಿಗಳ ನಾಯಕನಾದ ಮಲಿಕ್ ಹಸನನಿಗೆ ತೆಲಂಗಾಣದ ದೊಡ್ಡ ತರಫು ದೊರೆತದ್ದು ಅವನ ಬೆಂಬಲದಿಂದಲೇ. ಆ ತರಫು ಎರಡಾಗಿ ಒಡೆದಾಗ ಮಲಿಕ್ ಹಸನನ ಮನಸ್ಸೂ ಒಡೆಯಿತು. ಉಪಕಾರವನ್ನು ಮರೆಯುವುದು ಮನುಷ್ಯನಿಗೆ ಎಷ್ಟು ಸುಲಭ!

ಗವಾನನ ಮುದ್ರೆಯನ್ನು ಕಾಯುತ್ತಿದ್ದವನು ಒಬ್ಬ ಹಬಶಿ ಸೇವಕ. ಸಂಚುಗಾರರು ಅವನಿಗೆ ಕಾಣಿಕೆಗಳನ್ನು ಕೊಟ್ಟು ಸ್ನೇಹ ಬೆಳೆಸಿದರು. ಒಂದು ದಿನ ಚೆನ್ನಾಗಿ ಕುಡಿಸಿ, ಮಡಿಸಿದ ಹಾಳೆಯೊಂದನ್ನು ಮುಂದಿಟ್ಟು, ತಮ್ಮ ಗೆಳೆಯನೊಬ್ಬನ ಲೆಕ್ಕದ ಕಾಗದವೆಂದೂ ಎಲ್ಲರ ಮುದ್ರೆಗಳು ಬಿದ್ದಿದ್ದು ಗವಾನನದೊಂದು ಮಾತ್ರ ಬಾಕಿಯೆಂದೂ ನಂಬಿಸಿದರು. ಅವನು ಬಿಚ್ಚಿ ನೋಡದೆ ಮುದ್ರೆಯನ್ನೊತ್ತಿದನು. ಹಾಳೆ ಖಾಲಿಯಾಗಿತ್ತು. ಆಮೇಲೆ ಅದರಲ್ಲಿ, ಗವಾನನು ಒರಿಸ್ಸಾದ ರಾಜನಿಗೆ ಬರೆದಂತೆ, ಸುಲ್ತಾನನ ಕುಡಿತದಿಂದ ಪ್ರಜೆಗಳು ಬೇಸತ್ತಿದ್ದಾರೆ, ದಂಡೆತ್ತಿ ಬಂದರೆ ರಾಜ್ಯವು ಸುಲಭವಾಗಿ ಕೈವಶವಾಗುವುದು ಎಂಬ ಅರ್ಥದ ಮಾತುಗಳನ್ನು ತುಂಬಿದರು. ಮುದ್ರೆ ಸಾಚಾ, ಮಾತು ಖೋಟಾ. ಅರಸನು ಕುಡಿಯುತ್ತಿದ್ದುದು ನಿಜವಾದ್ದರಿಂದ ಸುಳ್ಳಿಗೆ ಸತ್ಯದ ಲೇಪವೂ ದೊರೆತಿತ್ತು.

ಸುಲ್ತಾನನು ಆಗ ಪೂರ್ವದ ದಂಡಯಾತ್ರೆಯಲ್ಲಿದ್ದು ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿದ್ದನು. ಗವಾನನು ಮಗನಂತೆ ಕಾಣುತ್ತಿದ್ದ ಯೂಸುಫ್ ಆದಿಲ್ ಖಾನನು ಬೇರೊಂದು ಕಾರ್ಯದ ಮೇಲೆ ದೂರ ಹೋಗಿದ್ದ ಸಮಯ ನೋಡಿ ಪತ್ರವನ್ನು ಅರಸನ ಕೈಗಿತ್ತರು. ಅರಸನು ಕುಪಿತನಾಗಿ ಒಡನೆ ಮಂತ್ರಿಯನ್ನು ಕರೆಕಳಿಸಿದನು. ಹೋಗಬೇಡವೆಂದು ಗೆಳೆಯರು ತಡೆದರು. ಸಾವಿರ ಕುದುರೆಗಳು ಸಿದ್ಧವಾಗಿವೆ, ಗುಜರಾತಿಗೆ ತಪ್ಪಿಸಿಕೊಂಡು ಹೋಗಬಹುದೆಂದರು. ಹಲವು ಅರಸರ ಸೇವೆಯಲ್ಲಿ ಗಡ್ಡ ಬೆಳ್ಳಗಾದವನು ಈಗ ಓಡಿಹೋದರೆ ತಪ್ಪೊಪ್ಪಿಕೊಂಡಂತಾಗುವುದೆಂದು ಭಾವಿಸಿ ಗವಾನನು ನೇರವಾಗಿ ಅರಸನೆದುರಿಗೆ ಹೋಗಿ ನಿಂತನು.

ಸ್ವಾಮಿದ್ರೋಹಿಗೆ ಯಾವ ಶಿಕ್ಷೆ ತಕ್ಕದ್ದೆಂದು ಸುಲ್ತಾನನು ಕೇಳಿದನು. ಮರಣವೇ ತಕ್ಕದ್ದೆಂದು ಮಂತ್ರಿಯು ಹೇಳಿದನು. ಆಗ ಅರಸನು ಪತ್ರವನ್ನು ತೋರಿಸಿದನು. ಗವಾನನು ಅದನ್ನು ನೋಡಿ, ಮುದ್ರೆ ತನ್ನದೇ ಹೌದು, ಪತ್ರ ತನ್ನದಲ್ಲ ಎಂದು ತಿಳಿಸಿದನು. ಮುದ್ರೆಯೂ ತನ್ನದಲ್ಲವೆಂದು ಅವನು ಹೇಳಬಹುದಿತ್ತು, ಹೇಳಲಿಲ್ಲ. ಅರಸನು ಹೆಚ್ಚಿನ ಮಾತಿಗೆ ಅವಕಾಶ ಕೊಡದೆ, ತನ್ನ ಗುಲಾಮನಾದ ಜೌಹರನಿಗೆ ತಲೆ ಹೊಡೆಯಲು ಅಪ್ಪಣೆಯಿತ್ತು ಒಳಗೆ ನಡೆದನು. 1481ರ ಏಪ್ರಿಲ್ 5ರಂದು, ಎಪ್ಪತ್ತರ ಮುಪ್ಪಿನಲ್ಲಿ, ಗವಾನನು ಹತನಾದನು.

ಇಷ್ಟು ವರ್ಷ ಅಧಿಕಾರದಲ್ಲಿದ್ದವನ ಬಳಿ ಅಪಾರ ಧನವಿರಬೇಕೆಂದು ಸುಲ್ತಾನನು ಎಣಿಸಿದ್ದನು. ಮಂತ್ರಿಯ ಖಜಾಂಚಿಯನ್ನು ಕರೆಸಿ ಕೇಳಿದನು. ಖಜಾಂಚಿಯು ಲೆಕ್ಕವನ್ನು ಮುಂದಿಟ್ಟನು. ಮಂತ್ರಿಯಲ್ಲಿ ಎರಡು ಖಜಾನೆಗಳಿದ್ದವು. ಒಂದು ಅರಸನದು, ಅದು ಸೈನ್ಯಕ್ಕೆ ಸಂಬಂಧಿಸಿದ್ದು. ಇನ್ನೊಂದು ಬಡವರದು, ಅದರಲ್ಲಿ ಉಳಿದಿದ್ದುದು 300 ಲಾರಿನ್. ಸುಲ್ತಾನನಿಗೆ ನಂಬಿಕೆ ಬರಲಿಲ್ಲ. ಹುಡುಕಿಸಿದರೂ ಬೇರೇನೂ ದೊರೆಯಲಿಲ್ಲ. ಆಗ ಖಜಾಂಚಿಯು ತನ್ನ ಪ್ರಾಣದಾಸೆಯನ್ನು ಬಿಟ್ಟು, ಒರಿಸ್ಸಾಕ್ಕೆ ಈ ಪತ್ರವನ್ನು ಒಯ್ಯುತ್ತಿದ್ದ ದೂತನಾರು, ಅವನನ್ನು ಹಿಡಿದು ಎಲ್ಲರೆದುರಿಗೆ ಏಕೆ ವಿಚಾರಿಸಲಿಲ್ಲ ಎಂದು ಕೇಳಿದನು. ಅರಸನು ಎಚ್ಚರಗೊಂಡವನಂತೆ ಸಂಚುಗಾರರ ಕಡೆಗೆ ತಿರುಗಿ ಅದನ್ನೇ ಕೇಳಿದನು. ದೂತನಿದ್ದರಲ್ಲವೆ ತೋರಿಸುವುದು! ಒಂದು ಗಳಿಗೆ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದು. ಅರಸನು ಪಶ್ಚಾತ್ತಾಪಗೊಂಡು ಮಂತ್ರಿಯ ಶವವನ್ನು ಗೌರವದಿಂದ ಬೀದರಿಗೆ ಕಳುಹಿಸಿಕೊಟ್ಟನು.

ಅಂದಿನಿಂದ ಅರಸನ ಮಾತಿಗೆ ಬೆಲೆಯಿಲ್ಲವಾಯಿತು. ಗವಾನನಂಥವನಿಗೇ ಈ ಗತಿಯಾದ ಮೇಲೆ ತಮ್ಮ ಪಾಡೇನೆಂದು ಸರದಾರರು ತಮ್ಮ ಡೇರೆಗಳನ್ನು ದೂರದಲ್ಲಿ ಹಾಕಿಕೊಂಡರು. ಸುಲ್ತಾನನಿಗೆ ದೂರದಿಂದಲೇ ವಂದಿಸಿ ಹಿಂದಿರುಗುತ್ತಿದ್ದರು. ಕರೆದರೆ ಹತ್ತಿರ ಬರಲೊಲ್ಲರು. ಹಿಂದಿರುಗಿ ಬಂದ ಯೂಸುಫ್ ಆದಿಲ್ ಖಾನನೂ ಅವರನ್ನೇ ಕೂಡಿಕೊಂಡನು. ಅವನನ್ನು ಸಮಾಧಾನಪಡಿಸಲು ಸುಲ್ತಾನನು ಗವಾನನ ವಶದಲ್ಲಿದ್ದ ವಿಜಯಪುರದ ತರಫನ್ನು ಅವನಿಗೆ ಕೊಟ್ಟನು. ವರ್ಷ ತುಂಬುವ ಮೊದಲೇ, 1482ರ ಮಾರ್ಚಿಯಲ್ಲಿ, ಸುಲ್ತಾನನು ತೀರಿಕೊಂಡನು. ಗವಾನನು ತನ್ನ ಎದೆಯನ್ನು ಸೀಳುತ್ತಿದ್ದಾನೆಂದು ಕೊನೆಗಾಲದಲ್ಲಿ ಚೀರುತ್ತಿದ್ದನಂತೆ. ಮಲಿಕ್ ಹಸನನು ಮಂತ್ರಿಪದವಿಯನ್ನು ಪಡೆದನಾದರೂ ನಾಲ್ಕೈದು ವರ್ಷಗಳಲ್ಲಿ ಬೀದರಿನಲ್ಲಿಯೇ ಕೊಲೆಯಾದನು. 1490ರ ಸುಮಾರಿಗೆ ವಿಜಯಪುರ, ಅಹಮದನಗರ, ಬೇರಾರಗಳ ಅಧಿಪತಿಗಳು ತಮ್ಮ ತಮ್ಮ ದಾರಿ ಹಿಡಿದರು. ಬೀದರಿನ ಸುಲ್ತಾನನಿಗೆ ಹೆಸರು ಮಾತ್ರ ಉಳಿಯಿತು. ವಿಜಯಪುರದಲ್ಲಿ ಯೂಸುಫನಿಂದ ಆದಿಲಶಾಹಿ ಮನೆತನವು ಆರಂಭವಾಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಹೋದರೆ ನಾನೂ ಲೆಕ್ಕ ತಪ್ಪಿಸಿದಂತಾಗುತ್ತದೆ. ಈ ಸಂಗತಿಗಳಲ್ಲಿ ಬಹುಭಾಗವನ್ನು ನಮಗೆ ತಿಳಿಸಿದವನು ಫಿರಿಶ್ತಾ ಎಂಬ ಇತಿಹಾಸಕಾರ. ಅವನು ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಹನ ಆಶ್ರಯದಲ್ಲಿದ್ದು, ಗವಾನನು ಸತ್ತು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಬರೆದನು. ತನ್ನ ಒಡೆಯನ ಮೂಲಪುರುಷನಿಗೆ ತಂದೆಯಂತಿದ್ದವನನ್ನು ಕುರಿತು ಬರೆಯುವವನ ಲೇಖನಿ ಮೆತ್ತಗಾಗುವುದು ಸಹಜ. ಚಾಪೆ, ಮಣ್ಣಿನ ಪಾತ್ರೆ, ಲಾರಿನ್‌ಗಳ ಎಣಿಕೆ, ಸಾಯುತ್ತಿದ್ದ ಅರಸನ ಚೀತ್ಕಾರ, ಇವನ್ನು ಓದುವಾಗ ಇದು ನೆನಪಿರಬೇಕು. ಆದರೆ ಎಂಟು ತರಫುಗಳಾದುದೂ, ಹಾಜರಿಯ ಕಟ್ಟಳೆಯೂ, ಕೊಂಡಪಲ್ಲಿಯ ಕೊಲೆಯೂ, ರಾಜ್ಯ ಒಡೆದುದೂ ಒಬ್ಬ ಲೇಖಕನ ಮೆಚ್ಚಿಕೆಯಿಂದ ಹುಟ್ಟಿದ ಸಂಗತಿಗಳಲ್ಲ.

ಬೀದರಿನ ಮದರಸಾವನ್ನು ನಾನು ಶಾಲೆಯ ಮಕ್ಕಳೊಡನೆ ಪ್ರವಾಸ ಹೋದಾಗ ನೋಡಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಔರಂಗಜೇಬನ ಕಾಲಕ್ಕೆ, ಸಿಡಿಲು ಮತ್ತು ಮದ್ದಿನ ಸ್ಫೋಟದಿಂದ ಅದರ ಮುಂಭಾಗದ ಅರ್ಧ ಬಿದ್ದುಹೋಗಿದೆ. ಎರಡು ಮಿನಾರುಗಳಲ್ಲಿ ಒಂದು ಮಾತ್ರ ನಿಂತಿದೆ. ಅದರ ಮೈಮೇಲೆ ನೀಲಿ, ಹಳದಿ, ಬಿಳಿಯ ಹೆಂಚುಗಳು ಅಲ್ಲಲ್ಲಿ ಇನ್ನೂ ಹೊಳೆಯುತ್ತವೆ. ಅಲ್ಲಿಂದ ಊರ ಹೊರಗೆ ಗವಾನನ ಗೋರಿಗೆ ಹೋದೆವು. ನಮ್ಮ ಗೋಳಗುಮ್ಮಟವನ್ನು ನೋಡಿ ಬೆಳೆದ ಹುಡುಗನೊಬ್ಬನು ಸುತ್ತ ನೋಡಿ, ಇದರ ಗುಮ್ಮಟ ಎಲ್ಲಿದೆಯೆಂದು ನನ್ನನ್ನು ಕೇಳಿದನು. ಬಯಲಿನಲ್ಲಿ ಒಂದು ಕಟ್ಟೆ, ಅದರ ಮೇಲೆ ಗೋರಿ, ಅಷ್ಟೇ ಅಲ್ಲಿದ್ದುದು.