ಮೂಡಿಗೆರೆಯ ಹವ್ಯಾಸಿ ಛಾಯಾಗ್ರಾಹಕ ಪೂರ್ಣಚಂದ್ರ ತೇಜಸ್ವಿ

ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ 68 ವರ್ಷ. ನಾನು ಆಗಿನ್ನೂ ಹುಟ್ಟಿರಲಿಲ್ಲ. ಆದರೂ ನಮ್ಮ ಕಾಲೇಜಿನಲ್ಲಿ ಅವರ ಹೆಸರು ಕೇಳದವರು ಯಾರೂ ಇರಲಿಕ್ಕಿಲ್ಲ. ಕುವೆಂಪು ಅವರ ಮಗ, 'ಕರ್ವಾಲೊ' ಬರೆದವರು, ಪರಿಸರದ ಬಗ್ಗೆ ಬರೆದವರು ಎಂದು ಎಲ್ಲರಿಗೂ ಗೊತ್ತು. ಅವರು ಫೋಟೋ ತೆಗೆಯುತ್ತಿದ್ದರು ಎಂಬುದು ಮಾತ್ರ ನಮ್ಮ ವಾಣಿಜ್ಯ ವಿಭಾಗದ ಬಹಳಷ್ಟು ಗೆಳೆಯರಿಗೆ ಗೊತ್ತಿಲ್ಲ. ಅದು ಅವರ ಹೊಟ್ಟೆಪಾಡಿನ ಕೆಲಸವಾಗಿರಲಿಲ್ಲ, ಹವ್ಯಾಸವಾಗಿತ್ತು. ಆ ಹವ್ಯಾಸದ ಸುತ್ತ ಅವರ ದಿನನಿತ್ಯದ ಬದುಕು ಹೇಗಿತ್ತು ಎಂದು ಬರೆಯುವುದು ನನ್ನ ಉದ್ದೇಶ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ತಂದೆ ಕುವೆಂಪು, ತಾಯಿ ಹೇಮಾವತಿ. ಮಲೆನಾಡಿನ ಬೇರು, ಮೈಸೂರಿನ 'ಉದಯರವಿ' ಮನೆಯ ಬೆಳವಣಿಗೆ. ತಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು. ಅಂಥ ಮನೆಯ ಹುಡುಗ ದೊಡ್ಡ ಹುದ್ದೆಗೆ ಹೋಗುತ್ತಾನೆ ಎಂದೇ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಈ ಹುಡುಗನಿಗೆ ಕೋವಿ ಹಿಡಿದು ಕಾಡು ಸುತ್ತುವುದು, ಗಾಳ ಹಾಕಿ ಮೀನು ಹಿಡಿಯುವುದು, ಸಿತಾರ್ ಕಲಿಯುವುದು, ಯಂತ್ರಗಳನ್ನು ಬಿಚ್ಚಿ ನೋಡುವುದು ಇವೆಲ್ಲ ಇಷ್ಟ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದರು. ಆ ಕಾಲಕ್ಕೆ ಕನ್ನಡ ಎಂ.ಎ. ಆದವರಿಗೆ ಅಧ್ಯಾಪಕರ ಕೆಲಸ ಸಿಗುವುದು ಕಷ್ಟವಿರಲಿಲ್ಲ. ಅವರು ಆ ಕಡೆ ಹೋಗದೆ ಮೂಡಿಗೆರೆಯ ಹತ್ತಿರ ಜಮೀನು ಮಾಡಿ ಕಾಫಿ ಬೆಳೆಯಲು ಹೊರಟರು. ಮೊದಲ ತೋಟಕ್ಕೆ 'ಚಿತ್ರಕೂಟ' ಎಂದು ಹೆಸರಿಟ್ಟರು. ಮುಂದೆ ಕಟ್ಟಿಕೊಂಡ ಮನೆಯ ಹೆಸರು 'ನಿರುತ್ತರ'.

1966ರಲ್ಲಿ ಅವರ ಮದುವೆಯಾಯಿತು. ಹುಡುಗಿ ರಾಜೇಶ್ವರಿ, ಮೈಸೂರಿನಲ್ಲಿ ತತ್ವಶಾಸ್ತ್ರ ಓದುತ್ತಿದ್ದವರು. ಓದುವಾಗಲೇ ಪರಿಚಯ, ಪ್ರೀತಿ. ಕುವೆಂಪು ಅವರು ಮಗನ ಮದುವೆಗಾಗಿ ಸರಳವಾದ ಒಂದು ವಿಧಾನವನ್ನು ರೂಪಿಸಿದರು. ಅದೇ ಮುಂದೆ 'ಮಂತ್ರ ಮಾಂಗಲ್ಯ' ಎಂದು ಹೆಸರಾಯಿತು. ಜಾತಿ, ವರದಕ್ಷಿಣೆ, ಮುಹೂರ್ತ, ದುಂದುವೆಚ್ಚ ಯಾವುದೂ ಇಲ್ಲದ ಮದುವೆ. ಶಾದಿಮಹಲ್ ಬಾಡಿಗೆ, ಊಟದ ಖರ್ಚು ಎಂದು ಸಾಲ ಮಾಡಿ ವರ್ಷಗಟ್ಟಲೆ ತೀರಿಸುವ ಮನೆಗಳನ್ನು ನಮ್ಮ ಮೊಹಲ್ಲಾದಲ್ಲಿಯೂ ನೋಡುತ್ತೇವೆ. ನಿಕಾಹ್ ಸರಳವಾಗಿರಬೇಕು ಎಂದು ನಮಗೂ ಹೇಳಿಕೊಟ್ಟಿದ್ದಾರೆ. ಆದರೆ ಪಾಲಿಸುವವರು ಕಡಿಮೆ. ಆದ್ದರಿಂದ ಈ ಸಂಗತಿ ನನ್ನ ಮನಸ್ಸಿನಲ್ಲಿ ಉಳಿಯಿತು.

ಮದುವೆಯಾದ ಮೇಲೆ ರಾಜೇಶ್ವರಿಯವರು ನಗರ ಬಿಟ್ಟು ಕಾಫಿ ತೋಟಕ್ಕೆ ಬಂದರು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಗಂಡ ತೀರಿಕೊಂಡ ಮೇಲೆ ರಾಜೇಶ್ವರಿಯವರು 'ನನ್ನ ತೇಜಸ್ವಿ' ಎಂಬ ದೊಡ್ಡ ಪುಸ್ತಕ ಬರೆದರು. ಅವರೂ 2021ರಲ್ಲಿ ತೀರಿಕೊಂಡರು. ತೇಜಸ್ವಿಯವರು ತಂದೆಯ ಬಗ್ಗೆ 'ಅಣ್ಣನ ನೆನಪು' ಬರೆದರು, ರಾಜೇಶ್ವರಿಯವರು ಗಂಡನ ಬಗ್ಗೆ ಬರೆದರು. ಈ ಎರಡು ಪುಸ್ತಕಗಳು ಸೇರಿ ಒಂದು ಮನೆತನದ ಆಲ್ಬಮ್ ಇದ್ದಂತೆ. ಮನೆಯ ನಾಯಿ, ಕೆಟ್ಟು ನಿಂತ ಸ್ಕೂಟರ್, ಬಂದು ಹೋಗುವ ಗೆಳೆಯರು, ತೋಟದ ಆಳುಗಳು ಎಲ್ಲರೂ ಅಲ್ಲಿದ್ದಾರೆ. ಗೆಳೆಯರಲ್ಲಿ ಕಡಿದಾಳು ಶಾಮಣ್ಣ ಮತ್ತು ಶ್ರೀರಾಮ್ ಅವರ ಹೆಸರು ಮೊದಲು ಬರುತ್ತದೆ. ವಿದ್ಯಾರ್ಥಿ ದಿನಗಳಲ್ಲಿ ಕಟ್ಟಿಕೊಂಡ ಈ ಗೆಳೆತನ ಕೊನೆಯವರೆಗೂ ಉಳಿಯಿತು. ಲೋಹಿಯಾ ವಿಚಾರ, ರೈತರ ಹೋರಾಟ, ಸಂಗೀತ, ಫೋಟೋ, ತಿರುಗಾಟ ಎಲ್ಲವೂ ಈ ಗೆಳೆಯರ ಬಳಗದಲ್ಲೇ ನಡೆಯಿತು.

ಈಗ ಕ್ಯಾಮೆರಾದ ವಿಷಯಕ್ಕೆ ಬರುತ್ತೇನೆ. ಹುಡುಗನಾಗಿದ್ದಾಗ ಕೋವಿ ಹಿಡಿದು ಕಾಡು ಹೊಕ್ಕವರು ಮುಂದೆ ಕ್ಯಾಮೆರಾ ಹಿಡಿದು ಅದೇ ಕಾಡಿಗೆ ಹೋದರು. ಎರಡಕ್ಕೂ ಬೇಕಾದ ಗುಣ ಒಂದೇ: ಸದ್ದು ಮಾಡದೆ ಕಾಯುವುದು. ಅವರು ಹೆಚ್ಚಾಗಿ ತೆಗೆದದ್ದು ಹಕ್ಕಿಗಳ ಫೋಟೋ. ಹಕ್ಕಿಯ ಫೋಟೋ ತೆಗೆಯುವುದು ಮನುಷ್ಯರ ಫೋಟೋ ತೆಗೆದಂತಲ್ಲ. ಅದು ನಮ್ಮ ಮಾತು ಕೇಳಿ ನಿಲ್ಲುವುದಿಲ್ಲ. ಅದು ಎಲ್ಲಿ ಕೂರುತ್ತದೆ, ಯಾವ ಹೊತ್ತಿಗೆ ಬರುತ್ತದೆ, ಮರಿಗೆ ಏನು ತಿನ್ನಿಸುತ್ತದೆ ಎಂದು ಮೊದಲು ತಿಳಿಯಬೇಕು. ಮರೆ ಕಟ್ಟಿಕೊಂಡು ಒಳಗೆ ಗಂಟೆಗಟ್ಟಲೆ ಕೂರಬೇಕು. ಮಲೆನಾಡಿನಲ್ಲಿ ಮಳೆಗಾಲ ಉದ್ದ, ಕಾಫಿ ತೋಟದೊಳಗೆ ಮರಗಳ ನೆರಳು. ಬೆಳಕು ಸಿಗುವುದೇ ಸ್ವಲ್ಪ ಹೊತ್ತು. ಅಷ್ಟು ಹೊತ್ತಿನಲ್ಲಿ ಹಕ್ಕಿ ಬಂದರೆ ಬಂತು, ಇಲ್ಲದಿದ್ದರೆ ನಾಳೆ ಮತ್ತೆ ಕೂರಬೇಕು.

ಅದು ರೀಲಿನ ಕಾಲ ಎಂಬುದನ್ನು ನಾವು ನೆನಪಿಡಬೇಕು. ಒಂದು ರೀಲಿನಲ್ಲಿ 36 ಫೋಟೋ. ರೀಲಿಗೆ ಹಣ, ತೊಳೆಸುವುದಕ್ಕೆ ಹಣ, ಪ್ರಿಂಟ್ ಹಾಕಿಸುವುದಕ್ಕೆ ಮತ್ತೆ ಹಣ. ಫೋಟೋ ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ದಿನಗಟ್ಟಲೆ ಕಾಯಬೇಕು. ನಾವು ಮೊಬೈಲಿನಲ್ಲಿ ಒಂದೇ ನಿಮಿಷಕ್ಕೆ 36 ಫೋಟೋ ತೆಗೆದು, ಮೂವತ್ತೈದನ್ನು ಅಳಿಸಿಬಿಡುತ್ತೇವೆ. ಅವರಿಗೆ ಪ್ರತಿ ಕ್ಲಿಕ್ ಕೂಡ ಖರ್ಚಿನ ಬಾಬತ್ತು. ಕೊನೆಯ ವರ್ಷಗಳಲ್ಲಿ ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರ್ ಬಂದಾಗ ಅವರು ಅದನ್ನೂ ಆಸಕ್ತಿಯಿಂದ ಕಲಿತರು. ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಬಳಕೆಯಾಗಬೇಕು ಎಂದು ಪಟ್ಟು ಹಿಡಿದವರಲ್ಲಿ ಅವರೂ ಒಬ್ಬರು.

ಹೀಗೆ ತೆಗೆದ ಚಿತ್ರಗಳು, ಕಂಡ ಸಂಗತಿಗಳು ಸೇರಿ 'ಮಿಂಚುಳ್ಳಿ', 'ಹಕ್ಕಿಪುಕ್ಕ'ದಂಥ ಪುಸ್ತಕಗಳಾದವು. ಹಕ್ಕಿಗಳನ್ನು ಗುರುತಿಸುವ ಪುಸ್ತಕ ಎಂದರೆ ಇಂಗ್ಲಿಷಿನಲ್ಲೇ ಇರಬೇಕು ಎಂಬಂತಿದ್ದಾಗ, ಹಳ್ಳಿಯ ಶಾಲೆಯ ಹುಡುಗನೂ ಓದಬಹುದಾದ ಕನ್ನಡದಲ್ಲಿ ಅವು ಬಂದವು. 1980ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯಲ್ಲಿಯೂ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವ ತಂಡದಲ್ಲಿ ಪ್ರಭಾಕರ ಎಂಬ ಫೋಟೋಗ್ರಾಫರ್ ಇದ್ದಾನೆ. ಅದೇ ಕಾದಂಬರಿಯಲ್ಲಿ ಪ್ಯಾರ ಎಂಬ ಹುಡುಗನೂ ಇದ್ದಾನೆ. ಪ್ಯಾರ ಎಂಬ ಶಬ್ದ ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತದೆ. ಕನ್ನಡದ ಪ್ರಸಿದ್ಧ ಕಾದಂಬರಿಯೊಳಗೆ ಅದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು.

ತಿರುಗಾಟವೂ ಅವರ ಬದುಕಿನ ಭಾಗವಾಗಿತ್ತು. ದೂರದ ಅಂಡಮಾನ್ ದ್ವೀಪಗಳಿಗೆ ಹೋಗಿಬಂದು 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್' ಬರೆದರು. ಅದರಲ್ಲಿ ಅಂಡಮಾನ್ ಅವರು ಕಣ್ಣಾರೆ ಕಂಡದ್ದು. ನೈಲ್ ನದಿಯ ಮೂಲ ಹುಡುಕಿ ಹೋದವರ ಕಥೆಯನ್ನು ಓದಿ ತಿಳಿದು ಬರೆದದ್ದು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅವರು ಹೋಗದೆ ಉಳಿದ ಊರು. ಮೂಡಿಗೆರೆ ಒಂದು ಸಣ್ಣ ತಾಲ್ಲೂಕು ಕೇಂದ್ರ. ಅಲ್ಲಿನ ಅಂಚೆ ಕಚೇರಿ, ಸಂತೆ, ಮೋಟಾರ್ ರಿಪೇರಿ ಅಂಗಡಿ, ಹಳ್ಳದ ಮೀನು ಇವುಗಳಿಂದಲೇ ಅವರು ಇಡೀ ಜಗತ್ತನ್ನು ಬರೆದರು. ಫೋಟೋಗಳೂ ಹಾಗೆಯೇ. ಮನೆಯ ಹಿತ್ತಲಿಗೆ ಬಂದ ಪಿಕಳಾರವನ್ನೂ ಹೊಸದೆಂಬಂತೆ ನೋಡುವುದು ಅವರ ಸ್ವಭಾವ.

ನಾನು ವಾಣಿಜ್ಯ ವಿದ್ಯಾರ್ಥಿಯಾದ್ದರಿಂದ ಒಂದು ಪ್ರಶ್ನೆ ಬಿಡದೆ ಕಾಡಿತು. ಇಷ್ಟೆಲ್ಲ ಹವ್ಯಾಸಕ್ಕೆ ಹಣ ಎಲ್ಲಿಂದ ಬಂತು? ಉತ್ತರ ಕಾಫಿ ತೋಟದಲ್ಲಿದೆ. ಆ ತೋಟವೂ ಸುಲಭದ ಬದುಕಾಗಿರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಬೇಕಿತ್ತು. ತಮಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಮಂಡಳಿ ಹರಾಜು ಮಾಡಿ, ಹಣವನ್ನು ಕಂತುಗಳಲ್ಲಿ ಕೊಡುತ್ತಿತ್ತು. ಕೊನೆಯ ಕಂತು ಬರುವುದು ಬಹಳ ತಡವಾಗುತ್ತಿತ್ತು. 1992ರಿಂದ ಈ ನಿಯಮ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಬೆಳೆಗಾರರಿಗೆ ಮುಕ್ತ ಮಾರಾಟದ ಅವಕಾಶ ಸಿಕ್ಕಿತು. ಅಂದರೆ ತೇಜಸ್ವಿಯವರು ಸುಮಾರು ಮೂರು ದಶಕ ಬೆಳೆಗಾರರಾಗಿದ್ದದ್ದು ಇಂಥ ವ್ಯವಸ್ಥೆಯಲ್ಲಿ. ಕಳೆ ತೆಗೆಸುವುದು, ಗೊಬ್ಬರ, ಆಳುಗಳ ಕೂಲಿ ಇವು ಯಾವುದೂ ಕಂತಿಗಾಗಿ ಕಾಯುವುದಿಲ್ಲ. ನಮ್ಮ ಲೆಕ್ಕಶಾಸ್ತ್ರದಲ್ಲಿ ಹೇಳುವುದಾದರೆ ಅದು ಯಾವಾಗಲೂ ಬರಬೇಕಾದ ಬಾಕಿಯ ಮೇಲೆ ನಡೆಯುವ ವ್ಯಾಪಾರ.

ಆದರೆ ಇದರಿಂದ ಅವರಿಗೆ ಒಂದು ದೊಡ್ಡ ಲಾಭವಾಯಿತು ಎಂದು ನನಗೆ ಅನಿಸುತ್ತದೆ. ಊಟ ತೋಟದಿಂದ ಬರುತ್ತಿತ್ತು. ಆದ್ದರಿಂದ ಬರಹ ಮತ್ತು ಫೋಟೋ ಯಾರ ಮರ್ಜಿಯನ್ನೂ ಕಾಯಬೇಕಾಗಿರಲಿಲ್ಲ. ನಮ್ಮ ಧಾರವಾಡದ ಹೆಸರು ಫೋಟೋ ಇತಿಹಾಸದಲ್ಲಿ ಬಹಳ ಹಿಂದೆಯೇ ಬಂದಿದೆ. ಪಿಗೌ, ನೀಲ್, ಬಿಗ್ಸ್ ಎಂಬ ಮೂವರು ಬ್ರಿಟಿಷರು ತೆಗೆದ ಈ ಭಾಗದ ದೇವಾಲಯಗಳ ಫೋಟೋಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅದು ಸರ್ಕಾರದ ಆಸಕ್ತಿಯಿಂದ ನಡೆದ ಕೆಲಸ. ನನ್ನ ಚಿಕ್ಕಪ್ಪನ ಮಗ ಹುಬ್ಬಳ್ಳಿಯಲ್ಲಿ ಮದುವೆಗಳ ಫೋಟೋ ತೆಗೆಯುತ್ತಾನೆ. ಕೈ ಚೆನ್ನಾಗಿದೆ, ದುಡಿಮೆಯೂ ಇದೆ. ಆದರೆ ತನಗೆ ಬೇಕಾದ ಒಂದು ಫೋಟೋ ತೆಗೆದು ಎಷ್ಟು ದಿನವಾಯಿತು ಎಂದು ಅವನಿಗೇ ನೆನಪಿಲ್ಲ. ಅವನ ಕೆಲಸ ಕಡಿಮೆಯದು ಎಂದು ನಾನು ಹೇಳುತ್ತಿಲ್ಲ. ಮನೆ ನಡೆಯುವುದೇ ಅದರಿಂದ. ಆದರೆ ಹವ್ಯಾಸಿ ಎಂದರೆ ಅರ್ಧಂಬರ್ಧ ಕಲಿತವನು ಎಂದು ನಾವು ತಿಳಿದಿರುತ್ತೇವಲ್ಲ, ಆ ತಿಳಿವಳಿಕೆಯನ್ನು ತೇಜಸ್ವಿ ಬದಲಾಯಿಸುತ್ತಾರೆ. ಯಾರೂ ಹೇಳದಿದ್ದರೂ, ಯಾರೂ ಹಣ ಕೊಡದಿದ್ದರೂ ಪೂರ್ತಿ ಮನಸ್ಸಿಟ್ಟು ಮಾಡುವವನು ಹವ್ಯಾಸಿ.

ನಮ್ಮಂಥ ಕಾಲೇಜಿನವರು ಅವರನ್ನು ಓದಬೇಕಾದ ಇನ್ನೊಂದು ಕಾರಣವಿದೆ. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿ 'ಡೇರ್ ಡೆವಿಲ್ ಮುಸ್ತಫಾ' ಎಂಬ ಕಥೆಯಿದೆ. ಸಣ್ಣ ಊರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರುತ್ತಾನೆ. ಉಳಿದ ಹುಡುಗರಿಗೆ ಅವನ ಮನೆ, ಭಾಷೆ, ನಡವಳಿಕೆ ಏನೂ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಊಹೆ ಬೆಳೆಯುತ್ತದೆ, ಊಹೆಯಿಂದ ಭಯ. ಕಥೆ ಮುಂದೆ ಹೋದಂತೆ ನಗುನಗುತ್ತಲೇ ಆ ಭಯ ಕರಗುತ್ತದೆ. 2023ರಲ್ಲಿ ಶಶಾಂಕ್ ಸೋಗಾಲ್ ಅವರ ನಿರ್ದೇಶನದಲ್ಲಿ ಇದು ಸಿನಿಮಾ ಆಯಿತು. ತೇಜಸ್ವಿ ಅಭಿಮಾನಿಗಳು ನೂರು ಮಂದಿ ಹಣ ಹಾಕಿ ಅದನ್ನು ನಿರ್ಮಿಸಿದರು. ಲೇಖಕ ತೀರಿಕೊಂಡು ಹದಿನಾರು ವರ್ಷವಾದ ಮೇಲೆ, ಅವನ ಒಂದು ಕಥೆಯನ್ನು ನಂಬಿ ನೂರು ಜನ ಬಂಡವಾಳ ಹಾಕುತ್ತಾರೆ ಎಂದರೆ, ಅದೇ ನಿಜವಾದ ಗುಡ್‌ವಿಲ್.

ಆ ಕಥೆ ಓದಿದ ಮೇಲೆ ನನಗೆ ಹೊಳೆದ ಸಂಗತಿ ಇದು. ಹಕ್ಕಿಯನ್ನು ನೋಡುವಾಗ ತೇಜಸ್ವಿ ಏನು ಮಾಡುತ್ತಿದ್ದರೋ, ಮನುಷ್ಯರನ್ನು ನೋಡುವಾಗಲೂ ಅದನ್ನೇ ಮಾಡಿದರು. ಮೊದಲೇ ತೀರ್ಪು ಕೊಡಲಿಲ್ಲ. ಹತ್ತಿರ ಕೂತು, ಕಾದು, ಇದ್ದದ್ದನ್ನು ಇದ್ದ ಹಾಗೆ ನೋಡಿದರು. ನನ್ನ ಹೆಸರು ಕೇಳಿದ ಮೇಲೆ, ನಿನಗೆ ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬರುತ್ತದೆ ಎಂದು ಆಶ್ಚರ್ಯಪಡುವವರು ಈಗಲೂ ಸಿಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಮ್ಮ ಹತ್ತಿರ ಇನ್ನಷ್ಟು ಹೊತ್ತು ಕೂರಬೇಕು ಅಷ್ಟೆ. ನಾವೂ ನಮಗೆ ಗೊತ್ತಿಲ್ಲದವರ ಹತ್ತಿರ ಹಾಗೆಯೇ ಕೂರಬೇಕು.

ನಮ್ಮ ದಾದಿ ನಮಾಜಿನ ಕೋಣೆಯ ಗೋಡೆಗೆ ಯಾವ ಚಿತ್ರವನ್ನೂ ಹಾಕಲು ಬಿಡುವುದಿಲ್ಲ. ಆದರೆ ನಾನು ಗ್ರಂಥಾಲಯದಿಂದ ಹಕ್ಕಿಗಳ ಪುಸ್ತಕ ತಂದಾಗ ಪಕ್ಕದಲ್ಲಿ ಕೂತು ಒಂದೊಂದೇ ಪುಟ ನೋಡಿದರು. ಪಿಕಳಾರದ ಚಿತ್ರಕ್ಕೆ ಬೆರಳಿಟ್ಟು ಬುಲ್‌ಬುಲ್ ಎಂದರು. ಹುದ್‌ಹುದ್ ನಮ್ಮ ಕಡೆ ಇದೆಯೇ ಎಂದು ಕೇಳಿದರು. ಹಜರತ್ ಸುಲೇಮಾನರಿಗೆ ಸುದ್ದಿ ತಂದ ಹಕ್ಕಿ ಅದು, ಕುರಾನಿನಲ್ಲಿ ಅದರ ಪ್ರಸ್ತಾಪವಿದೆ. ಕನ್ನಡದಲ್ಲಿ ಅದಕ್ಕೆ ಚಂದ್ರಮುಕುಟ ಎನ್ನುತ್ತಾರೆ. ಧಾರವಾಡದ ಬಯಲುಗಳಲ್ಲಿ ತಲೆಯ ಮೇಲೆ ಜುಟ್ಟು ಬಿಚ್ಚಿಕೊಂಡು, ಉದ್ದ ಕೊಕ್ಕಿನಿಂದ ಮಣ್ಣು ಕುಕ್ಕುತ್ತ ಓಡಾಡುವ ಹಕ್ಕಿ ಅದೇ. ನಾವು ದಿನವೂ ಅದರ ಪಕ್ಕದಲ್ಲೇ ಹಾದು ಹೋಗುತ್ತೇವೆ.

ತೇಜಸ್ವಿಯವರಿಗೆ 'ಚಿದಂಬರ ರಹಸ್ಯ' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಮುಂದೆ ಪಂಪ ಪ್ರಶಸ್ತಿಯೂ ಬಂತು. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಪರೀಕ್ಷೆ ಮುಗಿದ ಮೇಲೆ ಕಾಲೇಜಿನಿಂದ ಅಲ್ಲಿಗೆ ಒಂದು ಪ್ರವಾಸ ಏರ್ಪಡಿಸಬೇಕು ಎಂದು ಗುರುಗಳಲ್ಲಿ ಈ ಮೂಲಕ ವಿನಂತಿಸುತ್ತೇನೆ. ಅದಕ್ಕೂ ಮೊದಲು ನಾವೇ ಮಾಡಬಹುದಾದದ್ದು ಒಂದಿದೆ. ಮುಂದಿನ ಭಾನುವಾರ ಬೆಳಿಗ್ಗೆ ಫಜರ್ ನಮಾಜ್ ಮುಗಿಸಿ ನಾವು ನಾಲ್ವರು ಗೆಳೆಯರು ಉಣಕಲ್ ಕೆರೆಯ ದಂಡೆಗೆ ಹೋಗುತ್ತಿದ್ದೇವೆ. ಒಬ್ಬೊಬ್ಬರಿಗೆ 36 ಫೋಟೋ ಮಾತ್ರ, ಅಳಿಸುವಂತಿಲ್ಲ ಎಂದು ನಿಯಮ ಮಾಡಿಕೊಂಡಿದ್ದೇವೆ. ಬರುವ ಮನಸ್ಸಿದ್ದವರು ಬನ್ನಿ. ಆದರೆ ಸದ್ದು ಮಾಡಬೇಡಿ.