ಕರ್ನಾಟಕ ಕುಲಪುರೋಹಿತ ಆಲೂರ ವೆಂಕಟರಾಯರು

ಕರ್ನಾಟಕದ ಕುಲಪುರೋಹಿತರೆಂದು ನಾಡು ಗೌರವಿಸಿದ ಆಲೂರ ವೆಂಕಟರಾಯರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಅವರು ಕಾನೂನಿನ ವ್ಯಾಸಂಗವನ್ನು ಮಾಡಿದ್ದು ಇದೇ ಮುಂಬಯಿಯಲ್ಲಿ ಎಂಬ ಸಂಗತಿಯು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸದಾಗಿರಬಹುದು. ಪರನಾಡಿನಲ್ಲಿ ಅನ್ನವನ್ನು ಸಂಪಾದಿಸುತ್ತ ತಾಯ್ನುಡಿಯನ್ನು ಉಳಿಸಿಕೊಳ್ಳಬೇಕಾಗಿರುವ ನಮಗೆ ಆ ಹಿರಿಯರ ಜೀವಿತದಿಂದ ಕಲಿಯತಕ್ಕದ್ದು ಬಹಳವಿದೆ.

ವೆಂಕಟರಾಯರು 1880ನೆಯ ಇಸವಿಯ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ಧಾರವಾಡದಲ್ಲಿ ಶಾಲೆಯ ಓದನ್ನು ಮುಗಿಸಿ, ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದು, 1905ರಲ್ಲಿ ಮುಂಬಯಿಯಿಂದ ವಕೀಲರಾಗಿ ಹೊರಬಿದ್ದರು. ಲೋಕಮಾನ್ಯ ತಿಲಕರ ತೇಜಸ್ಸು ಅವರ ತಾರುಣ್ಯದ ಮೇಲೆ ಗಾಢವಾದ ಮುದ್ರೆಯನ್ನೊತ್ತಿತು. ಒಂದು ಜನಾಂಗವು ತನ್ನ ಗತಚರಿತ್ರೆಯ ಸ್ಮರಣೆಯಿಂದ ಹೇಗೆ ಎದ್ದು ನಿಲ್ಲುತ್ತದೆಂಬುದನ್ನು ಅವರು ಪುಣೆಯಲ್ಲಿ ಕಣ್ಣಾರೆ ಕಂಡರು. ಅದೇ 1905ರಲ್ಲಿ ಹಂಪಿ, ಆನೆಗೊಂದಿಗಳ ಹಾಳು ಗುಡಿಗಳ ನಡುವೆ ನಿಂತಾಗ ತಮ್ಮ ಬಾಳಿನ ಕಾರ್ಯವಾವುದೆಂಬುದು ಅವರಿಗೆ ಗೊತ್ತಾಯಿತು.

ಆಗ ಕನ್ನಡ ನಾಡೆಂಬುದು ಭೂಪಟದಲ್ಲಿ ಎಲ್ಲಿದ್ದಿತು? ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿ. ಮಂಗಳೂರು, ಬಳ್ಳಾರಿಗಳು ಮದರಾಸಿನಲ್ಲಿ. ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮರ ಹೈದರಾಬಾದಿನಲ್ಲಿ. ಮೈಸೂರು ಅರಸರದು; ಕೊಡಗು ಪ್ರತ್ಯೇಕ. ಜಮಖಂಡಿ, ಮುಧೋಳ, ಸಂಡೂರು, ಸವಣೂರುಗಳಂಥ ಸಣ್ಣ ಸಂಸ್ಥಾನಗಳು ಬೇರೆ. ಸರಕಾರದ ಕಾಗದದಲ್ಲಿ ಉಡುಪಿಯ ಅಡುಗೆಯವನು ಮದರಾಸಿನವನು, ಗದಗಿನ ಗುಮಾಸ್ತನು ಮುಂಬಯಿಯವನು. ಇವರಿಬ್ಬರೂ ಮುಂಬಯಿಯ ಹೋಟೆಲಿನಲ್ಲಿ ಎದುರುಬದುರಾದಾಗ ಮಾತ್ರ ತಾವು ಒಂದೇ ನುಡಿಯವರೆಂದು ಅರಿಯುತ್ತಿದ್ದರು. ಏಕೀಕರಣದ ರುಚಿಯನ್ನು ನಾಡಿಗಿಂತ ಮೊದಲೇ ಉಂಡವರಲ್ಲಿ ನಮ್ಮ ಮುಂಬಯಿಯ ಹಿರಿಯರೂ ಇದ್ದರೆಂದರೆ ಅತಿಶಯೋಕ್ತಿಯಾಗದು.

ರಾಯರ ಕೈಯಲ್ಲಿ ಅಧಿಕಾರವಿರಲಿಲ್ಲ, ಸೈನ್ಯವಿರಲಿಲ್ಲ, ಸಂಪತ್ತೂ ಇರಲಿಲ್ಲ. ಲೇಖನಿಯೊಂದೇ ಅವರ ಆಯುಧ. 1906ರಿಂದ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯನ್ನು ನೋಡಿಕೊಂಡರು. ವಕೀಲಿಯನ್ನು ತ್ಯಜಿಸಿ ಊರೂರು ತಿರುಗಿದರು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ದುಡಿದವರಲ್ಲಿ ಅವರೂ ಒಬ್ಬರು. ಮರುವರ್ಷ ಧಾರವಾಡದಲ್ಲಿ ಕರ್ನಾಟಕ ಏಕೀಕರಣ ಸಂಘವು ಸ್ಥಾಪಿತವಾಯಿತು. 1917ರಲ್ಲಿ ಅವರ ಕರ್ನಾಟಕ ಗತವೈಭವವು ಪ್ರಕಟವಾಗಿ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ಮಹಿಮೆಯನ್ನು ಸಾಮಾನ್ಯ ಓದುಗನ ಮನೆಗೆ ತಲುಪಿಸಿತು. 1922ರಲ್ಲಿ ಜಯಕರ್ನಾಟಕ ಮಾಸಪತ್ರಿಕೆಯನ್ನು ಆರಂಭಿಸಿದರು.

ಇಲ್ಲಿ 1920ನೆಯ ಇಸವಿಯನ್ನು ವಿಶೇಷವಾಗಿ ನೆನೆಯಬೇಕು. ಆ ವರ್ಷದ ಡಿಸೆಂಬರಿನಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಭಾಷಾನುಸಾರ ಪ್ರಾಂತ ಸಮಿತಿಗಳಿಗೆ ಒಪ್ಪಿಗೆಯನ್ನಿತ್ತು, ಕರ್ನಾಟಕಕ್ಕೆ ಸ್ವಂತ ಸಮಿತಿಯು ದೊರೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಫ್ರಾನ್ಸಿನ ಸೆವ್ರ್ ಎಂಬಲ್ಲಿ ಆದ ಒಪ್ಪಂದವು ಪಶ್ಚಿಮ ಏಷ್ಯದ ಕುರ್ದ ಜನರಿಗೆ ಸ್ವಯಮಾಡಳಿತದ ಆಸೆಯನ್ನು ತೋರಿಸಿದ್ದಿತು. ಅವರೂ ನಮ್ಮಂತೆ ಹಲವು ಒಡೆಯರ ಕೈಕೆಳಗೆ ಹಂಚಿಹೋದ ಜನ. 1923ರ ಲೊಸಾನ್ ಒಪ್ಪಂದವು ಆ ಆಸೆಯನ್ನು ಅಳಿಸಿಹಾಕಿತು. 1946ರಲ್ಲಿ ಇರಾನಿನ ಮಹಾಬಾದಿನಲ್ಲಿ ಅವರು ಕಟ್ಟಿದ ಗಣರಾಜ್ಯವು ವರ್ಷ ತುಂಬುವ ಮೊದಲೇ ಕುಸಿದು, ಅದರ ಅಧ್ಯಕ್ಷ ಕಾಜಿ ಮುಹಮ್ಮದರು 1947ರಲ್ಲಿ ಗಲ್ಲಿಗೇರಿದರು. 2017ರಲ್ಲಿ ಇರಾಕಿನ ಕುರ್ದರು ನೂರಕ್ಕೆ 92ಕ್ಕಿಂತ ಹೆಚ್ಚು ಮತಗಳಿಂದ ಸ್ವಾತಂತ್ರ್ಯವನ್ನು ಕೋರಿದರೂ ಅದು ಕೈಗೂಡಲಿಲ್ಲ. ಅವರ ಬೇಡಿಕೆಯೂ ನಮ್ಮದೂ ಒಂದೇ ಅಲ್ಲ. ನಾವು ಬೇರೆ ಮನೆಯನ್ನು ಕೇಳಲಿಲ್ಲ. ಭಾರತವೆಂಬ ಮನೆಯೊಳಗೆ ನಮ್ಮದೊಂದು ಕೋಣೆಯನ್ನು ಕೇಳಿದೆವು. ಕೇಳುವವರಿಗೆ ಸಭೆ, ಪತ್ರಿಕೆ, ಠರಾವುಗಳ ದಾರಿಯು ತೆರೆದಿದ್ದರೆ ನಾಡು ಎಷ್ಟು ರಕ್ತವನ್ನು ಉಳಿಸಿಕೊಳ್ಳುತ್ತದೆಂಬುದು ಈ ಎರಡು ಕಥೆಗಳನ್ನು ಒಟ್ಟಿಗಿಟ್ಟಾಗ ತಿಳಿಯುತ್ತದೆ.

ಹಾಗೆಂದು ನಮ್ಮ ದಾರಿಯೂ ಹೂವಿನದಾಗಿರಲಿಲ್ಲ. ಸ್ವಾತಂತ್ರ್ಯಾನಂತರ 1948ರ ದಾರ್ ಆಯೋಗವು ಭಾಷಾವಾರು ಪ್ರಾಂತಗಳು ಸಲ್ಲವೆಂದಿತು. ಮೈಸೂರಿನಲ್ಲಿಯೇ ಕೆಲವರು, ಮುಂದುವರಿದ ತಮ್ಮ ಸಂಸ್ಥಾನಕ್ಕೆ ಹಿಂದುಳಿದ ಜಿಲ್ಲೆಗಳು ಭಾರವಾದಾವೆಂದು ಹಿಂಜರಿದರು. ಕೊನೆಗೆ 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿದಾಗ ರಾಯರಿಗೆ 76 ವರ್ಷ. ವಕೀಲರಾಗಿ ಹೊರಬಿದ್ದ ವರ್ಷದಿಂದ ಎಣಿಸಿದರೆ 51 ವರ್ಷಗಳ ಕಾಯುವಿಕೆ. 1964ರ ಫೆಬ್ರವರಿ 25ರಂದು ಅವರು ಧಾರವಾಡದಲ್ಲಿ ನಿಧನರಾದರು. ಕರ್ನಾಟಕವೆಂಬ ಹೆಸರು ರಾಜ್ಯಕ್ಕೆ ಬಂದುದು 1973ರಲ್ಲಿ. ಅದನ್ನು ನೋಡುವ ಭಾಗ್ಯವು ಅವರಿಗೆ ಲಭಿಸಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ ನೋವನ್ನೂ ಅವರ ಪೀಳಿಗೆಯು ನುಂಗಬೇಕಾಯಿತು.

ಮುಂಬಯಿಯ ಕನ್ನಡಿಗರು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿಯೊಂದುಂಟು. ಕನ್ನಡದ ನೆಲದಲ್ಲಿ ಕನ್ನಡವೇ ಆಳಬೇಕೆಂದು ಹೋರಾಡಿದ ಇದೇ ರಾಯರು, ತಿಲಕರ ಗೀತಾರಹಸ್ಯವನ್ನು ಮರಾಠಿಯಿಂದ ಕನ್ನಡಕ್ಕೆ ತಂದುಕೊಟ್ಟರು. ನಾಡಭಿಮಾನವನ್ನು ಮರಾಠಿಗರಿಂದ ಕಲಿತುದಕ್ಕೆ ಅವರು ನಾಚಲಿಲ್ಲ; ಕಲಿತ ಮೇಲೆ ಅವರನ್ನು ದ್ವೇಷಿಸಲೂ ಇಲ್ಲ. ಮರಾಠಿ ಜನರೂ ನೂರಕ್ಕೂ ಮಿಕ್ಕಿದ ಪ್ರಾಣಗಳನ್ನು ತೆತ್ತು 1960ರ ಮೇ 1ರಂದು ತಮ್ಮ ರಾಜ್ಯವನ್ನು ಪಡೆದವರು. ಗಡಿಯ ವ್ಯಾಜ್ಯವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿತು. ಅದರ ಗದ್ದಲವೆದ್ದಾಗ ಮೊದಲ ಕಲ್ಲು ಬೀಳುವುದು ಹೋಟೆಲಿನ ಗಾಜಿನ ಮೇಲೆಯೇ. ಬಾಂದ್ರಾದಲ್ಲಿ ಗಲ್ಲಾದ ಹಿಂದೆ ಕುಳಿತು ಬಂದ ನಾವು ಆ ಅಂಜಿಕೆಯನ್ನು ಬಲ್ಲೆವು. ಅಂಥ ದಿನಗಳಲ್ಲಿ ಹೆದರಿ ಕನ್ನಡವನ್ನು ಬಚ್ಚಿಡುವುದೂ ಬೇಡ, ಕೆರಳಿ ನೆರೆಯವರನ್ನು ಹಳಿಯುವುದೂ ಬೇಡ. ಮಕ್ಕಳಿಗೆ ಮನೆಯಲ್ಲಿ ಕನ್ನಡದ ಅಕ್ಷರವನ್ನು ಕಲಿಸೋಣ. ಬೀದಿಯಲ್ಲಿ ಮರಾಠಿಯನ್ನು ಶುದ್ಧವಾಗಿ ಆಡೋಣ. ಕುಲಪುರೋಹಿತರಿಗೆ ನಾವು ಸಲ್ಲಿಸಬಹುದಾದ ದಕ್ಷಿಣೆಯು ಇದೇ.